ಬುಧವಾರ ಮೂರು ಗಂಟೆ, ರೂಮ್ ನಂಬರ್ 14

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಈ ವರ್ಷ ಸಾಂಸ್ಕೃತಿಕ ಸಮಿತಿಯ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ನನಗೆ ಸಂಗೀತವೂ ಗೊತ್ತಿಲ್ಲ, ನೃತ್ಯವೂ ಗೊತ್ತಿಲ್ಲ. ಸಾವಿರದಷ್ಟು ಮಕ್ಕಳಿದ್ದಾರೆ. ಕಾಲೇಜ್ ಡೇಗೆ ಹದಿನೈದು ದಿನ ಇರುವಾಗ ಓಡಿ ಬರುತ್ತಾರೆ, ಪೆನ್ ಡ್ರೈವ್‌ನಲ್ಲಿ ಸಿನಿಮಾ ಹಾಡು ಹಾಕಿ ಕುಣಿಯುತ್ತಾರೆ, ಅಲ್ಲಿಗೆ ಮುಗಿಯಿತು. ಯುವಜನೋತ್ಸವಕ್ಕೆ ಹೋದರೆ ಒಂದು ಬಹುಮಾನವೂ ಬರುವುದಿಲ್ಲ. ಸಂಗೀತ ಕಲಿತ ಮಕ್ಕಳು ಇಬ್ಬರೋ ಮೂವರೋ ಇರಬಹುದು. ಇಂಥ ಕಡೆ ತಂಡ ಕಟ್ಟುವುದು ಹೇಗೆ? ದುಡ್ಡೂ ಜಾಸ್ತಿ ಇಲ್ಲ.

ಉತ್ತರ: ಮೇಷ್ಟ್ರೇ, ನಿಮಗೆ ಸಂಗೀತ ಬರದೇ ಇರುವುದು ಅಂಥ ದೊಡ್ಡ ತೊಂದರೆಯೇನಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಕಾಲೇಜು ಮಕ್ಕಳಿಗೆ ಹಾಡು ಹೇಳಿಕೊಟ್ಟಿದ್ದೇನೆ, ತೀರ್ಪುಗಾರರ ಕುರ್ಚಿಯಲ್ಲೂ ಕೂತಿದ್ದೇನೆ. ಸಂಗೀತ ಗೊತ್ತಿರುವ ಮೇಷ್ಟ್ರು ಸಮಿತಿಗೆ ಬಂದರೆ ಒಮ್ಮೊಮ್ಮೆ ಫಜೀತಿಯೇ ಜಾಸ್ತಿ. ಹಾಡನ್ನು ಅವರೇ ಆರಿಸುತ್ತಾರೆ, ಅವರೇ ಹಾಡಿ ತೋರಿಸುತ್ತಾರೆ, ಮಕ್ಕಳು ಕೇಳುತ್ತಾ ಕೂರುತ್ತಾರೆ. ನಿಮಗೆ ಟೈಮ್‌ಟೇಬಲ್ ಹಾಕುವುದು ಗೊತ್ತಲ್ಲ, ಮೊದಲು ಬೇಕಾದ್ದು ಅದೇ.

ಪ್ರಿನ್ಸಿಪಾಲರ ಹತ್ತಿರ ಹೋಗಿ ವಾರಕ್ಕೆ ಒಂದೂವರೆ ಗಂಟೆ, ಒಂದು ರೂಮು ಕೇಳಿ. ಬೇರೇನೂ ಕೇಳಬೇಡಿ. ನಾನು ಇದ್ದ ಒಂದು ಕಾಲೇಜಿನಲ್ಲಿ ಬುಧವಾರ ಮಧ್ಯಾಹ್ನ ಮೂರು ಗಂಟೆ, ರೂಮ್ ನಂಬರ್ 14 ಅಂತ ಗೊತ್ತಾಯಿತು. ಕಾರಿಡಾರಿನ ಕೊನೆಯ ರೂಮು. ಎರಡು ಬೆಂಚು ಮುರಿದಿದ್ದವು, ಒಂದು ಫ್ಯಾನು ತಿರುಗುತ್ತಿರಲಿಲ್ಲ. ಆದರೆ ವರ್ಷಪೂರ್ತಿ ಆ ಹೊತ್ತಿಗೆ ಆ ಬಾಗಿಲು ತೆರೆದಿರುತ್ತಿತ್ತು. ಮೊದಲ ವಾರ ನಲವತ್ತು ಜನ ಬಂದರು. ಮೂರನೇ ವಾರಕ್ಕೆ ಹನ್ನೊಂದು. ಆ ಹನ್ನೊಂದು ಜನವೇ ತಂಡ ಆಯಿತು. ಇಂಟರ್ನಲ್ಸ್ ಬಂದಾಗ ಅರ್ಧ ಗಂಟೆಗೆ ಇಳಿಸಿದೆವು, ನಿಲ್ಲಿಸಲಿಲ್ಲ.

ಮಧ್ಯಾಹ್ನವೇ ಯಾಕೆ ಅಂದರೆ, ನಿಮ್ಮ ಮಕ್ಕಳು ಎಲ್ಲಿಂದ ಬರುತ್ತಾರೆ ನೋಡಿ. ನೆಲಮಂಗಲ, ಹೊಸಕೋಟೆ, ಆನೇಕಲ್ ಕಡೆಯಿಂದ ಬರುವವರು ಎಷ್ಟು ಜನ ಇಲ್ಲ! ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ಕತ್ತಲಾಗುವುದರ ಚಿಂತೆ ಇದೆ. ಗಂಡುಮಕ್ಕಳಲ್ಲಿ ಐದು ಗಂಟೆಗೆ ಕೆಲಸಕ್ಕೆ ಹೋಗುವವರಿದ್ದಾರೆ. ಕ್ಲಾಸು ಬಿಟ್ಟ ಮೇಲೆ ಪ್ರಾಕ್ಟೀಸ್ ಅಂತ ಇಟ್ಟರೆ ಇವರಲ್ಲಿ ಯಾರೂ ನಿಲ್ಲುವುದಿಲ್ಲ. ಆಮೇಲೆ ನಾವು 'ಮಕ್ಕಳಿಗೆ ಆಸಕ್ತಿ ಇಲ್ಲ' ಅಂತ ಬರೆದುಬಿಡುತ್ತೇವೆ.

ಆಡಿಷನ್ ಇಡಬೇಡಿ, ಕಡೇಪಕ್ಷ ಮೊದಲ ವರ್ಷ. ಆಡಿಷನ್‌ಗೆ ಬರುವವರು ಈಗಾಗಲೇ ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದ ಮಕ್ಕಳು. ಅವರಿಗೆ ಗುರುಗಳಿದ್ದಾರೆ, ವೇದಿಕೆಯೂ ಇದೆ. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಚೆನ್ನಾಗಿ ಹಾಡುವ ಹುಡುಗಿ ಆಡಿಷನ್ ಅನ್ನುವ ಪದ ನೋಡಿದರೇ ಆ ಕಡೆ ಹಾಯುವುದಿಲ್ಲ.

ರೂಮಿಗೆ ಏನು ಬೇಕು ಅಂತ ಕೇಳುತ್ತೀರಿ. ಒಂದು ಜಮಖಾನ, ಒಂದು ತಂಬೂರಿ. ತಂಬೂರಿ ಅಂದರೆ ಗಾಬರಿ ಆಗಬೇಡಿ, ಫೋನಿನಲ್ಲಿ ಪುಕ್ಕಟೆ ಸಿಗುವ ಆಪ್ ಸಾಕು. ಸಣ್ಣದೊಂದು ಸ್ಪೀಕರ್‌ಗೆ ಹಾಕಿದರೆ ರೂಮು ತುಂಬುತ್ತದೆ. (ಎಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆ ಮಾಡುವ ರಾಡೆಲ್ ಕಂಪನಿ ನಮ್ಮ ಬೆಂಗಳೂರಿನದ್ದೇ. ಕೈಯಲ್ಲಿ ಸ್ವಲ್ಪ ದುಡ್ಡು ಬಂದಾಗ ಅಂಥದ್ದೊಂದು ಪೆಟ್ಟಿಗೆ ತಗೊಳ್ಳಿ, ಫೋನ್ ಬಂದಾಗೆಲ್ಲ ಶ್ರುತಿ ನಿಂತುಹೋಗುವ ಕಾಟ ತಪ್ಪುತ್ತದೆ.) ಕೀಬೋರ್ಡ್ ಕೊಳ್ಳಲು ಈಗಲೇ ಹೋಗಬೇಡಿ.

ಮೊದಲ ತಿಂಗಳು ಏನು ಹಾಡಿಸಬೇಕು? ನಾಡಗೀತೆ. ನಗಬೇಡಿ. ನಿಮ್ಮ ಕಾಲೇಜಿನ ಎಲ್ಲ ಕಾರ್ಯಕ್ರಮದಲ್ಲೂ ಅದು ಇದ್ದೇ ಇರುತ್ತದೆ. ಇಬ್ಬರು ಮೈಕ್ ಹಿಡಿದಿರುತ್ತಾರೆ, ವೇದಿಕೆ ಮೇಲಿನ ಗಣ್ಯರು ಬರೀ ತುಟಿ ಆಡಿಸುತ್ತಾರೆ, ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿರುತ್ತಾರೆ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆ ಆಯಿತು. ಯಾವ ಧಾಟಿ, ಎಷ್ಟು ಹೊತ್ತು ಅನ್ನುವ ಜಗಳ ಮಾತ್ರ 2022ರ ಸೆಪ್ಟೆಂಬರ್‌ವರೆಗೆ ಎಳೆಯಿತು. ಆಗ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್, ಆಲಾಪ ಬೇಡ, ಸಾಲುಗಳನ್ನು ಮತ್ತೆ ಮತ್ತೆ ಹಾಡುವುದು ಬೇಡ ಅಂತ ಆದೇಶ ಮಾಡಿತು. ನಿಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟು ಹಾಡಿಸಿ. ನಾನು ಕಂಡ ಹಾಗೆ ಹತ್ತು ಹನ್ನೆರಡು ಸೆಕೆಂಡ್ ಮೊದಲೇ ಮುಗಿಸಿಬಿಡುತ್ತಾರೆ. ಗುಂಪಿನಲ್ಲಿ ಹಾಡುವಾಗ ಎಲ್ಲರಿಗೂ ಓಟ. ಕೈಯಲ್ಲಿ ತಾಳ ಹಾಕಿಸಿ, ಓಟ ನಿಲ್ಲುತ್ತದೆ. ಮುಂದಿನ ಕಾರ್ಯಕ್ರಮದಲ್ಲಿ ಹನ್ನೊಂದು ಮಕ್ಕಳು ಸರಿಯಾಗಿ ಹಾಡಿದ ದಿನ, ತಂಡ ಅಂತ ಒಂದಿದೆ ಎನ್ನುವುದು ಇಡೀ ಕಾಲೇಜಿಗೆ ಗೊತ್ತಾಗುತ್ತದೆ. ಹೊಸ ಮಕ್ಕಳು ತಾವಾಗಿಯೇ ಬರುತ್ತಾರೆ.

ಈಗ ಶ್ರುತಿಯ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ವಿಷಯ. ಇದೊಂದನ್ನು ನೀವು ಅರ್ಥ ಮಾಡಿಕೊಂಡರೆ ಸಮೂಹ ಗಾಯನದ ಅರ್ಧ ಕೆಲಸ ಮುಗಿದ ಹಾಗೆ. ಗಂಡುಮಕ್ಕಳ ದನಿ ಸಾಮಾನ್ಯವಾಗಿ ಒಂದನೇ ಮನೆ, ಅಂದರೆ ಹಾರ್ಮೋನಿಯಂನ ಒಂದನೇ ಬಿಳಿ ಕೀಲಿಯ ಆಸುಪಾಸಿನಲ್ಲಿ ಹಿತವಾಗಿ ಕೂರುತ್ತದೆ. ಹೆಣ್ಣುಮಕ್ಕಳದು ಐದು, ಐದೂವರೆ. ಹಾರ್ಮೋನಿಯಂ ಮೇಲೆ ಬೆರಳಿಟ್ಟು ನೋಡಿದರೆ ಈ ಎರಡರ ನಡುವೆ ಎಷ್ಟು ದೂರ ಅಂತ ಕಾಣುತ್ತದೆ. ಹುಡುಗರು ಹುಡುಗಿಯರು ಸೇರಿ ಒಂದೇ ಹಾಡು ಹಾಡಬೇಕು ಅಂದರೆ ಯಾರಿಗೋ ಒಬ್ಬರಿಗೆ ಕಷ್ಟ ಆಗಲೇಬೇಕು.

ಒಂದು ಬುಧವಾರದ ಕಥೆ ಹೇಳುತ್ತೇನೆ. ಆರು ಮಕ್ಕಳು ನಿಂತಿದ್ದರು. ಶ್ರುತಿ ಐದನೇ ಮನೆಗೆ ಇಟ್ಟಿದ್ದೆವು. ಪಲ್ಲವಿ ಸೊಗಸಾಗಿ ಬಂತು. ಚರಣದಲ್ಲಿ ರಾಗ ಮೇಲಕ್ಕೆ ಹೋದ ಕೂಡಲೇ ಒಬ್ಬ ಹುಡುಗ ಗದ್ದ ಎತ್ತಿ ಸೂರು ನೋಡತೊಡಗಿದ, ಕತ್ತಿನ ನರ ಉಬ್ಬಿತು. ಪಕ್ಕದವನು ಜಾಣ, ಸುಮ್ನೆ ಬಾಯಿ ಆಡಿಸುತ್ತಿದ್ದ, ದನಿಯೇ ಇಲ್ಲ. ಸರಿ ಅಂತ ಶ್ರುತಿಯನ್ನು ಮೂರಕ್ಕೆ ಇಳಿಸಿದೆವು. ಈಗ ಹುಡುಗರು ಖುಷಿ. ಆದರೆ ಪಲ್ಲವಿಯ ತಗ್ಗಿನ ಸಾಲಿನಲ್ಲಿ ಹುಡುಗಿಯರ ದನಿ ಮುಳುಗಿ ಹೋಯಿತು, ಬರೀ ಗಾಳಿ ಕೇಳಿಸುತ್ತಿತ್ತು. ಕೊನೆಗೆ ಶ್ರುತಿ ಮೂರರಲ್ಲೇ ಉಳಿಯಿತು, ಸಾಲುಗಳನ್ನು ಹಂಚಿದೆವು. ತಗ್ಗಿನ ಸಾಲು ಹುಡುಗರಿಗೆ, ಏರುವ ಸಾಲು ಹುಡುಗಿಯರಿಗೆ, ನಡುವಿನದು ಎಲ್ಲರಿಗೂ. ಮೊದಲು ಜಗಳಕ್ಕೆ ಕಾರಣವಾಗಿದ್ದ ಸಾಲುಗಳೇ ಆಮೇಲೆ ಹಾಡಿಗೆ ಬಣ್ಣ ಕೊಟ್ಟವು. ನೀವೂ ಇದನ್ನೇ ಮಾಡಿ. ಪ್ರತಿ ಹಾಡನ್ನೂ ಎರಡೂವರೆ, ಮೂರು, ನಾಲ್ಕನೇ ಮನೆಯಲ್ಲಿ ಹಾಡಿಸಿ, ರೆಕಾರ್ಡ್ ಮಾಡಿ, ಮಕ್ಕಳಿಗೇ ಕೇಳಿಸಿ. ಅವರೇ ಹೇಳುತ್ತಾರೆ ಯಾವುದು ಸರಿ ಅಂತ. ಒಂದು ಸ್ಥಾಯಿಗಿಂತ (ಕೆಳಗಿನ ಸ-ದಿಂದ ಮೇಲಿನ ಸ-ವರೆಗೆ) ಜಾಸ್ತಿ ಏರಿಳಿತ ಇರುವ ಹಾಡನ್ನು ಮೊದಲ ವರ್ಷ ಮುಟ್ಟಬೇಡಿ.

ಯಾವ ಹಾಡು ಅನ್ನುವುದಕ್ಕೆ ನನ್ನದು ಸ್ವಲ್ಪ ಖಾರದ ಅಭಿಪ್ರಾಯ. ಕಾಳಿಂಗರಾಯರು, ಅನಂತಸ್ವಾಮಿ, ಅಶ್ವತ್ಥ್ ಹಾಡಿ ಮನೆಮಾತು ಮಾಡಿದ ಭಾವಗೀತೆಗಳನ್ನು ಕಲಿಯಲಿ, ಕಲಿಯಲೇಬೇಕು. ಆದರೆ ಸ್ಪರ್ಧೆಗೆ ಅವನ್ನೇ ಒಯ್ದರೆ ತೀರ್ಪುಗಾರರ ಕಿವಿಯಲ್ಲಿ ಮೂಲ ದನಿ ಓಡುತ್ತಿರುತ್ತದೆ, ನಿಮ್ಮ ಮಕ್ಕಳು ಅದರ ಜೊತೆ ಕುಸ್ತಿ ಆಡಬೇಕಾಗುತ್ತದೆ. ಅದರ ಬದಲು ಮಕ್ಕಳನ್ನೇ ಕೇಳಿ, ನಿಮ್ಮಜ್ಜಿ ಏನು ಹಾಡುತ್ತಿದ್ದರು ಅಂತ. ಬೀಸುವ ಪದ, ಸೋಬಾನೆ, ತತ್ವಪದ, ಏನಾದರೂ ಹೊರಡುತ್ತದೆ. ನಿಮ್ಮಲ್ಲಿ ಎನ್ನೆಸ್ಸೆಸ್ ಇದ್ದರೆ ಹಳ್ಳಿಯಲ್ಲಿ ಏಳು ದಿನದ ಶಿಬಿರ ಇರುತ್ತದಲ್ಲ, ಒಂದು ಸಂಜೆ ಊರಿನ ಹೆಂಗಸರನ್ನು ಕೂರಿಸಿಕೊಂಡು ಹಾಡಿಸಿ, ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ವೇದಿಕೆಯಲ್ಲಿ ಹಾಡುವ ಮೊದಲು ಯಾವ ಊರಿನ ಯಾರಿಂದ ಕಲಿತದ್ದು ಅಂತ ಹೇಳಿಸಿ.

ಮನೆಮಾತು ಕನ್ನಡ ಅಲ್ಲದ ಮಕ್ಕಳೂ ನಿಮ್ಮಲ್ಲಿ ಇದ್ದೇ ಇರುತ್ತಾರೆ, ಬೆಂಗಳೂರಲ್ವಾ! ತೆಲುಗು, ತಮಿಳು, ಉರ್ದು, ಹಿಂದಿ. ಸಾಹಿತ್ಯವನ್ನು ಅವರವರ ಲಿಪಿಯಲ್ಲಿ ಬರೆದುಕೊಳ್ಳಲಿ, ಬೈಯಬೇಡಿ. ನನ್ನ ತಂಡದಲ್ಲಿ 'ಳ'ಕಾರವನ್ನು ಅತಿ ಶುದ್ಧವಾಗಿ ಹೇಳುತ್ತಿದ್ದವಳು ತಮಿಳು ಮನೆಯ ಹುಡುಗಿ. ನಮ್ಮ ಕನ್ನಡದ ಹುಡುಗರು 'ಹಾ'ಕಾರ 'ಆ'ಕಾರ ಅದಲು ಬದಲು ಮಾಡಿ ಅವಳಿಂದ ತಿದ್ದಿಸಿಕೊಳ್ಳುತ್ತಿದ್ದರು.

ಪಕ್ಕವಾದ್ಯಕ್ಕೆ ಹೊರಗಿನವರನ್ನು ಕರೆಸುವ ಮೊದಲು ಕಾಲೇಜಿನೊಳಗೇ ನೋಡಿ. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗ ಒಬ್ಬ ಸಿಗುತ್ತಾನೆ. ಗಣೇಶನ ಮೆರವಣಿಗೆಯಲ್ಲಿ ತಮಟೆ ಬಾರಿಸುವವನೂ ಇರುತ್ತಾನೆ, ಆದರೆ ಅದನ್ನು ಕಾಲೇಜಿನಲ್ಲಿ ಹೇಳಿಕೊಳ್ಳಲು ಅವನಿಗೆ ಸಂಕೋಚ. ನೀವೇ ಕರೆಯಬೇಕು.

ಇದೇ ಮಾತು ನೃತ್ಯಕ್ಕೂ ಬರುತ್ತದೆ. ಟ್ರ್ಯಾಕ್ ಹಾಕಿ ಕುಣಿಯುವ ಮಕ್ಕಳನ್ನು ಕೀಳಾಗಿ ನೋಡಬೇಡಿ. ಯಾರೂ ಹೇಳಿಕೊಡದೆ ಎಂಟು ಜನ ಒಂದೇ ಲೆಕ್ಕಕ್ಕೆ ಹೆಜ್ಜೆ ಹಾಕುತ್ತಾರೆ ಅಂದರೆ ಅದು ಸಣ್ಣ ವಿಷಯವಲ್ಲ. ಅದೇ ಎಂಟು ಜನರನ್ನು ಜನಪದ ಕುಣಿತಕ್ಕೆ ತಿರುಗಿಸಿ. ಕೋಲಾಟದಿಂದ ಶುರು ಮಾಡಿ. ಕೋಲು ಅಗ್ಗ, ಪೆಟ್ಟು ತಪ್ಪಿದರೆ ಪಕ್ಕದವನ ಬೆರಳಿಗೇ ಬೀಳುತ್ತದೆ, ಹಾಗಾಗಿ ಯಾರೂ ಮೈಮರೆಯುವುದಿಲ್ಲ. ಒಳಸುತ್ತು ಹೊರಸುತ್ತು ಬದಲಾಯಿಸುವುದು, ಎದುರಿನವನ ಕಣ್ಣು ನೋಡಿ ಕುಣಿಯುವುದು, ಎಲ್ಲ ಅಲ್ಲೇ ಬರುತ್ತದೆ.

ಎಲ್ಲರಿಗೂ ಡೊಳ್ಳಿನ ಮೇಲೆ ಕಣ್ಣು. ನೋಡಲು ಭರ್ಜರಿ, ಸದ್ದೂ ಜೋರು. ಆದರೆ ಆ ಭಾರ ಹೊತ್ತು ಮಂಡಿ ಬಗ್ಗಿಸಿ ಎಂಟು ನಿಮಿಷ ಕುಣಿಯಲು ತಿಂಗಳುಗಟ್ಟಲೆ ಮೈ ಪಳಗಬೇಕು. ಹದಿನೈದು ದಿನದಲ್ಲಿ ಕಲಿಸಿದ ಡೊಳ್ಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೂರನೇ ನಿಮಿಷಕ್ಕೆ ಡೊಳ್ಳು ಮಂಡಿಗೆ ಬಂದಿರುತ್ತದೆ, ಹುಡುಗರ ಮುಖ ನೋಡಲಾಗುವುದಿಲ್ಲ.

ಕೊಳ್ಳೇಗಾಲ ಕಡೆಯ ಹುಡುಗ ಒಬ್ಬ ನಮ್ಮ ರೂಮಿನ ಬಾಗಿಲಲ್ಲಿ ಮೂರು ವಾರ ನಿಂತೇ ನೋಡಿದ, ಒಳಗೆ ಬರಲಿಲ್ಲ. ನಾಲ್ಕನೇ ವಾರ ಬ್ಯಾಗಿನಿಂದ ಹಳೇ ಟವೆಲ್ಲಿನಲ್ಲಿ ಸುತ್ತಿದ ಜೋಡಿ ಕಂಚು ತೆಗೆದ. ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥದ್ದು, ಬಲಗೈಯಲ್ಲಿ ಹಗ್ಗ ಕಟ್ಟಿದ ತಟ್ಟೆಯಂಥದ್ದು. ಬಲಗೈಯದನ್ನು ತಲೆಯ ಮೇಲೆ ಬೀಸಿ ಬೆನ್ನ ಹಿಂದಿನಿಂದ ತಂದು ಬಟ್ಟಲಿನ ಅಂಚಿಗೆ ತಾಗಿಸಿದ. ಒಂದೇ ಪೆಟ್ಟು. ಅದುವರೆಗೂ ಗಲಗಲ ಮಾತಾಡುತ್ತಿದ್ದ ರೂಮು ತಣ್ಣಗಾಯಿತು. ಅವನ ತಾತ ಮಾದಪ್ಪನ ಗುಡ್ಡರು. ಇಲ್ಲೊಂದು ಎಚ್ಚರಿಕೆ ಇದೆ. ಕಂಸಾಳೆ ಬರೀ ಕುಣಿತವಲ್ಲ. ಮಲೆ ಮಹದೇಶ್ವರನಿಗೆ ನಡೆದುಕೊಳ್ಳುವ ದೇವರ ಗುಡ್ಡರಿಗೆ ಅದು ದೀಕ್ಷೆ ಪಡೆದು ಹಿಡಿಯುವ ವಸ್ತು. ನಾವು ಆ ಹುಡುಗನ ತಾತನಿಗೆ ಫೋನ್ ಮಾಡಿಸಿ, ಕಾಲೇಜಿನಲ್ಲಿ ಮಾಡಬಹುದಾ, ಏನು ಮಾಡಬಾರದು ಅಂತ ಕೇಳಿದೆವು. ನೆಲದ ಮೇಲೆ ಇಡಬೇಡಿ, ಚಪ್ಪಲಿ ಹಾಕಿ ಮುಟ್ಟಬೇಡಿ ಅಂದರು. ಅಷ್ಟೇ. ವೀರಗಾಸೆಗೂ ಪೂಜಾ ಕುಣಿತಕ್ಕೂ ಹೀಗೇ ಕೇಳಿಕೊಂಡು ಮುಂದೆ ಹೋಗಿ.

ಒಂದು ಶನಿವಾರ ಮಕ್ಕಳನ್ನು ರಾಮನಗರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿ. ಎಚ್. ಎಲ್. ನಾಗೇಗೌಡರು ಕಟ್ಟಿದ್ದು, ಮೈಸೂರು ರಸ್ತೆಯಲ್ಲೇ ಇದೆ. ವಾದ್ಯ, ವೇಷ ಎಲ್ಲ ಕಣ್ಣಾರೆ ನೋಡಿದರೆ ಬಾಡಿಗೆ ಅಂಗಡಿಯ ಮಿಂಚುಬಟ್ಟೆಯ ಆಸೆ ಸ್ವಲ್ಪ ಇಳಿಯುತ್ತದೆ. ಕಲಿಸಲು ಜನಪದ ಕಲಾವಿದರನ್ನು ಕರೆಸಿದರೆ ದುಡ್ಡು ಕೊಡಿ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಫೋಟೋ ತೆಗೆದು ಕಳಿಸುವ ಪದ್ಧತಿ ನನಗೆ ಒಂದಿಷ್ಟೂ ಸೇರುವುದಿಲ್ಲ. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗದಲ್ಲಿ ಓದಿದವರು ಊರಲ್ಲೇ ಸಿಗುತ್ತಾರೆ, ಹಾಡಿಗೂ ನೃತ್ಯಕ್ಕೂ ಅವರನ್ನು ಕೇಳಿ ನೋಡಬಹುದು.

ಭರತನಾಟ್ಯ ಕಲಿತ ಒಂದಿಬ್ಬರು ಇದ್ದರೆ ಅವರ ಪಾಡಿಗೆ ಬಿಡಿ. ಅವರ ಗುರುಗಳ ಕೆಲಸದಲ್ಲಿ ಕೈ ಹಾಕಬೇಡಿ. ಹಾಜರಿ ಕೊಟ್ಟು, ವೇದಿಕೆ ಕೊಟ್ಟರೆ ಸಾಕು. ಯಾವ ನೃತ್ಯವೇ ಆಗಲಿ, ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ಗಂಟೆಗಟ್ಟಲೆ ಕುಣಿಸಬೇಡಿ, ಮೊಣಕಾಲಿಗೂ ಕಣಕಾಲಿಗೂ ಪೆಟ್ಟು. ಜಮಖಾನ ಹಾಸಿದರೆ ಜಾರುತ್ತದೆ. ಸ್ಪೋರ್ಟ್ಸ್ ರೂಮಿನಿಂದ ರಬ್ಬರ್ ಮ್ಯಾಟ್ ಕೇಳಿ.

ಯುವಜನೋತ್ಸವಕ್ಕೆ ಬರೋಣ. ಮೊದಲ ವರ್ಷ ಎರಡೇ ವಿಭಾಗಕ್ಕೆ ಹೆಸರು ಕೊಡಿ, ಸಮೂಹ ಗಾಯನ ಮತ್ತು ಜನಪದ ನೃತ್ಯ. ಸುತ್ತೋಲೆಯನ್ನು ಬ್ಯಾಲೆನ್ಸ್ ಶೀಟ್ ಓದಿದ ಹಾಗೆ ಓದಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಉತ್ಸವದ ನಿಯಮದಲ್ಲಿ ಸಮೂಹ ಗಾಯನಕ್ಕೆ ಹೆಚ್ಚೆಂದರೆ 6 ಗಾಯಕರು, 3 ಪಕ್ಕವಾದ್ಯದವರು, 10 ನಿಮಿಷ. ಜನಪದ ನೃತ್ಯಕ್ಕೆ 10 ಜನ, ಹಿಮ್ಮೇಳಕ್ಕೆ 5, ಸಮಯ 8ರಿಂದ 10 ನಿಮಿಷ. ಕಾಲೇಜು ಮಟ್ಟದ ಸ್ಪರ್ಧೆಗಳು ಸಾಮಾನ್ಯವಾಗಿ ಇದೇ ಅಚ್ಚಿನಲ್ಲಿ ಇರುತ್ತವೆ, ಆದರೂ ಆ ವರ್ಷದ ಸುತ್ತೋಲೆ ಹೇಳಿದ್ದೇ ಕೊನೆ. ಸುಗಮ ಸಂಗೀತದಲ್ಲಿ ಸಿನಿಮಾ ಹಾಡು ನಡೆಯುವುದಿಲ್ಲ. ಚೆನ್ನಾಗಿ ಹಾಡಿದ ಹುಡುಗಿ ಇದೊಂದೇ ಕಾರಣಕ್ಕೆ ಕಣ್ಣೀರು ಹಾಕಿಕೊಂಡು ವೇದಿಕೆ ಇಳಿದದ್ದನ್ನು ನೋಡಿದ್ದೇನೆ. ತಪ್ಪು ಅವಳದಲ್ಲ, ಸುತ್ತೋಲೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ ಮೇಷ್ಟ್ರದು.

ಮೈಕು. ಆರು ಜನಕ್ಕೆ ಸ್ಟ್ಯಾಂಡ್ ಹಾಕಿದ ಮೂರು ಮೈಕ್ ಕೇಳಿ, ಇಬ್ಬಿಬ್ಬರಿಗೆ ಒಂದು. ಕೈಯಲ್ಲಿ ಮೈಕ್ ಕೊಟ್ಟರೆ ಧೈರ್ಯವಂತರ ದನಿ ಮಾತ್ರ ಕೇಳುತ್ತದೆ. ಹಾಡುವವರ ಕಡೆಗೆ ತಿರುಗಿಸಿದ ಸ್ಪೀಕರ್ ಒಂದು ಇರಲೇಬೇಕು, ಇಲ್ಲದಿದ್ದರೆ ತಮ್ಮ ಶ್ರುತಿ ತಮಗೇ ಕೇಳುವುದಿಲ್ಲ. ಟ್ರ್ಯಾಕ್ ಬಳಸುವುದಾದರೆ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿಸಿಕೊಳ್ಳಿ. ಒಂದು ಕಾಲೇಜಿನ ಹುಡುಗಿಯರು ಕೈ ಮೇಲೆತ್ತಿ ಭಂಗಿಯಲ್ಲಿ ನಿಂತಿದ್ದರು, ಹಾಡಿನ ನಡುವೆ ಟೂತ್‌ಪೇಸ್ಟ್ ಜಾಹೀರಾತು ಬಂತು. ಪಾಪ, ಅದು ಮುಗಿಯುವವರೆಗೂ ಕೈ ಇಳಿಸಲಿಲ್ಲ.

ಇನ್ನು ಕಾನೂನು. ನಿಮ್ಮ ಮಕ್ಕಳು, ಮೇಷ್ಟ್ರುಗಳು ಕಾಲೇಜಿನ ಕಾರ್ಯಕ್ರಮದಲ್ಲಿ ಹಾಡಿ ಕುಣಿದು, ನೋಡುವವರೂ ಮಕ್ಕಳು, ಸಿಬ್ಬಂದಿ, ಪೋಷಕರು ಇಷ್ಟೇ ಆಗಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟು, ಹೊರಗಿನವರನ್ನು ಕರೆದು, ಡಿಜೆ ತರಿಸಿದರೆ ಲೈಸೆನ್ಸ್ ಬೇಕಾಗುತ್ತದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಲ್ಲ. ಅದೂ ಅಲ್ಲದೆ ಕಾಲೇಜಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಘೋಷಿಸಿರಬಹುದು, ಹಾಗಾಗಿ ಬಯಲಲ್ಲಿ ಮಾಡುವುದಾದರೆ ಪೊಲೀಸರಿಂದ ಮೊದಲೇ ಅನುಮತಿ ಪಡೆಯಿರಿ.

ದುಡ್ಡಿನ ವಿಷಯ ನಿಮಗೆ ನಾನೇನು ಹೇಳಲಿ. ಕೋಲು, ಗೆಜ್ಜೆ, ತಾಳ ಬಳೇಪೇಟೆಯಲ್ಲಿ ಸಿಗುತ್ತವೆ, ಮಕ್ಕಳನ್ನು ಕರೆದುಕೊಂಡೇ ಹೋಗಿ, ಸದ್ದು ಕೇಳಿ ಆರಿಸಲಿ. ವೇಷಭೂಷಣ ಕೊನೆಗೆ. ಪ್ರಿನ್ಸಿಪಾಲರು ಹಿಂದೆ ಮುಂದೆ ನೋಡಿದರೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಅನ್ನಿ, ಸಾಂಸ್ಕೃತಿಕ ಚಟುವಟಿಕೆಗೂ ಅಲ್ಲಿ ಲೆಕ್ಕ ಇದೆ. ಆ ಪದ ಕೇಳಿದರೆ ಬೀರುವಿನ ಬಾಗಿಲು ತಾನಾಗಿ ತೆರೆಯುತ್ತದೆ. ಹಾಜರಿ ಪತ್ರವನ್ನು ಪ್ರಾಕ್ಟೀಸ್ ಶುರುವಾಗುವ ಮೊದಲೇ ಸಹಿ ಮಾಡಿಸಿ. ಸ್ಪರ್ಧೆ ಮುಗಿದ ಮೇಲೆ ಮಗು ಶೇಕಡ 75ಕ್ಕಾಗಿ ಮೇಷ್ಟ್ರುಗಳ ಹಿಂದೆ ಅಲೆಯುವ ಹಾಗೆ ಮಾಡಬೇಡಿ.

ಕೇಳುವುದನ್ನೂ ರೂಢಿ ಮಾಡಿಸಿ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆಯುತ್ತಿದೆ. ರವೀಂದ್ರ ಕಲಾಕ್ಷೇತ್ರ, ಗಾಯನ ಸಮಾಜ, ಚೌಡಯ್ಯ ಹಾಲ್, ಎಲ್ಲಕ್ಕೂ ಬಸ್ಸಿದೆ. ನಾಲ್ಕು ಮಕ್ಕಳನ್ನು ಒಂದು ಗಂಟೆ ಕೂರಿಸಿ ಕರೆದುಕೊಂಡು ಬನ್ನಿ. ಹೇಗಿತ್ತು ಅಂತ ಪ್ರಬಂಧ ಬರೆಸಬೇಡಿ.

ಮರೆತಿದ್ದೆ, ರೂಮಿನ ಕೀ. ಅದರದ್ದೊಂದು ನಕಲು ಮಾಡಿಸಿ ಮಕ್ಕಳಲ್ಲಿ ಒಬ್ಬರ ಹತ್ತಿರ ಇಡಿ. ಒಂದು ಬುಧವಾರ ನಮ್ಮ ಅಟೆಂಡರ್ ರಜೆ ಹಾಕಿದ್ದರು, ಕೀ ಅವರ ಜೇಬಿನಲ್ಲೇ ಮನೆಗೆ ಹೋಗಿತ್ತು. ಇಡೀ ತಂಡ ಮೆಟ್ಟಿಲ ಮೇಲೆ ಕೂತು ಹಾಡಿತು. ಚೆನ್ನಾಗೇ ಹಾಡಿದರು. ಕೆಮಿಸ್ಟ್ರಿ ಲ್ಯಾಬಿನವರು ಮಾತ್ರ ಕಂಪ್ಲೇಂಟ್ ಕೊಟ್ಟರು.